ಹಿತ್ತಲ ಕಳ್ಳಿ

ಯಂಕಣ್ಣ ಹೇಳಿದ್ದ. ಒಂದು ಸಲ ಅಲ್ಲ, ಮೂರು ಸಲ ಹೇಳಿದ್ದ.

"ಧಣೇರ, ಇದು ಹಾಲುಗಳ್ಳಿ. ಇದರ ಹಾಲು ಕಣ್ಣಿಗೆ ಸಿಡದ್ರ ಕಣ್ಣು ಹೋಗ್ತಾವ್ರಿ. ಒಂದು ಚಸ್ಮಾ ಕೊಡ್ರಿ, ಕೈಗೆ ರಬ್ಬರಿನ ಚೀಲ ಕೊಡ್ರಿ. ಇಲ್ಲಂದ್ರ ಇದನ್ನ ಬಿಡ್ರಿ, ಉಳಿದದ್ದೆಲ್ಲ ತಗದು ಕೊಡ್ತೀವಿ."

ಮರಗಮ್ಮ ಗಂಡನ ಪಕ್ಕದಲ್ಲೇ ನಿಂತಿದ್ದಳು. ಆ ಮಾತು ಅವಳ ಕಿವಿ ಮೇಲೆಯೇ ಬಿದ್ದಿತ್ತು. ಆಮೇಲೆ ಪೊಲೀಸರು ಕೇಳಿದರು, ಡಾಕ್ಟರು ಕೇಳಿದರು, ನಾಕಾದ ಮಂದಿ ಕೇಳಿದರು. ದಿನ ತಪ್ಪಿ ಹೇಳಿರಬಹುದು, ಹೊತ್ತು ತಪ್ಪಿ ಹೇಳಿರಬಹುದು. ಇದೊಂದು ಮಾತನ್ನು ಮಾತ್ರ ಅವಳು ಎಲ್ಲಿಯೂ ತಪ್ಪಲಿಲ್ಲ. ನನ್ನ ಗಂಡ ಹೇಳಿದ್ದ. ಮೂರು ಸಲ ಹೇಳಿದ್ದ.

ಡೊಂಬಿವಲಿ ಪೂರ್ವದಲ್ಲಿ ಕೂಲಿಯವರು ನಿಲ್ಲುವ ನಾಕಾ ಒಂದಿದೆ. ಬೆಳಿಗ್ಗೆ ಏಳಕ್ಕೆಲ್ಲ ಮಂದಿ ಬಂದು ಸಾಲಾಗಿ ಕೂರುತ್ತಾರೆ. ರಾಯಚೂರಿನವರು, ಕಲಬುರಗಿಯವರು, ಜಾಲ್ನಾದವರು, ಬಿಹಾರದವರು. ಒಂಟಿ ಗಂಡಸರು ಚಹಾದ ಅಂಗಡಿ ಕಡೆ. ಜೋಡಿಗಳು ಮೆಟ್ರೋ ಕಂಬದ ಕಡೆ. ಜೋಡಿ ಅಂದರೆ ಗಂಡ ಹೆಂಡತಿ. ಅವನು ಅಗೆಯಬೇಕು, ಅವಳು ಹೊರಬೇಕು. ಯಂಕಣ್ಣ ಮರಗಮ್ಮ ಹನ್ನೆರಡು ವರ್ಷದಿಂದ ಅಲ್ಲಿ ಜೋಡಿ. ದೇವದುರ್ಗದ ಕಡೆಯವರು. ಊರಲ್ಲಿದ್ದಾಗ ಊರ ಹೊರಗಿನ ಕೇರಿಯವರು. ಇಲ್ಲಿ ಯಾರೂ ಕೇಳುವುದಿಲ್ಲ ಅಂತ ಬಂದವರು. ಒಬ್ಬಳೇ ಮಗಳು ಜ್ಯೋತಿಯನ್ನು ಭಿವಂಡಿಯ ಮಗ್ಗದ ಕೆಲಸದವನಿಗೆ ಕೊಟ್ಟಿದ್ದರು.

ಆವತ್ತು ಶುಕ್ರವಾರ. ದಸರೆ ಕಳೆದು ಬಿಸಿಲು ಉರಿಯುತ್ತಿತ್ತು. ಬಿಳಿ ಕಾರು ನಿಂತಿತು. ಅರವತ್ತು ದಾಟಿದ ಒಬ್ಬರು ಇಳಿದು ಹಿಂದಿಯಲ್ಲಿ ಕೂಗಿದರು. ಯಂಕಣ್ಣ ಹೆಂಡತಿಗೆ ಏನೋ ಅಂದದ್ದು ಅವರ ಕಿವಿಗೆ ಬಿತ್ತು.

"ಓ, ನೀವು ಕನ್ನಡದವರಾ? ಮೊದಲೇ ಹೇಳ್ಬಾರ್ದಾ ಮಾರಾಯ? ನಾನು ಪುಂಡರೀಕಾಕ್ಷ ಅಂತ. ಉಡುಪಿ ಕಡೆ. ಸ್ಟೇಷನ್ ಹತ್ತಿರ ನಮ್ಮದೇ ಹೋಟೆಲು ಉಂಟು. ಬೇರೆಯವರನ್ನು ಯಾಕೆ ಕರೆಯುದು? ನಮ್ಮವರೇ ಇದ್ದ ಮೇಲೆ ಮುಗೀತು."

ನಮ್ಮವರು ಅಂದದ್ದಕ್ಕೆ ಯಂಕಣ್ಣನ ಮುಖ ಅರಳಿತು. ಸಲಿಕೆ ಎತ್ತಿಕೊಂಡ. ಕಾರಿನೊಳಗೆ ಕೂಡಿಸಲಿಲ್ಲ. ಡಿಕ್ಕಿಯಲ್ಲಿ ಸಲಿಕೆ ಹಾರೆ ಹಾಕಿಕೊಂಡು, "ನೀವು ಶೇರ್ ರಿಕ್ಷಾದಲ್ಲಿ ಬನ್ನಿ," ಅಂದು ಗುರುತು ಹೇಳಿ ಹೋದರು.

ಕಾರ್ಖಾನೆ ಏರಿಯಾದ ಪಕ್ಕ ಬಂಗಲೆಗಳ ಸಾಲು. ಅದರಲ್ಲಿ ಅವರದು ಮೂಲೆಯದು. ಮುಂದೆ ತುಳಸಿಕಟ್ಟೆ, ತೊಳೆದ ಕಲ್ಲು, ರಂಗೋಲಿ. ಪಕ್ಕದ ಸಂದಿಯಲ್ಲಿ ಹಾದು ಹಿಂದಕ್ಕೆ ಹೋದರೆ ಹಿತ್ತಿಲು. ಹಿತ್ತಿಲು ಅನ್ನುವ ಹಾಗೇ ಇರಲಿಲ್ಲ. ಹೋಟೆಲಿನ ಅಡಿಗೆಮನೆ ಒಡೆದಾಗಿನ ಇಟ್ಟಿಗೆ, ಗಾರೆ, ಟೈಲ್ಸು, ಎಲ್ಲ ತಂದು ಸುರಿದಿದ್ದರು. ಮುಂಬೈ ಕಡೆ ಅದಕ್ಕೆ ರಾಬಿಟ್ ಅನ್ನುತ್ತಾರೆ. ಅದರ ಮೇಲೆ ಒಡೆದ ಕಮೋಡು, ಮಾಡಿಗೆ ಹೊದಿಸುವ ಸಿಮೆಂಟಿನ ಪತ್ರೆ, ತುಕ್ಕು ಹಿಡಿದ ಎಣ್ಣೆ ಡಬ್ಬಿ, ಟ್ಯೂಬ್‌ಲೈಟಿನ ಗಾಜು. ಅದರ ಮೇಲೆ ಹತ್ತು ಮಳೆಗಾಲದ ಕಸ. ಎದೆ ಮಟ್ಟ ಕಾಂಗ್ರೆಸ್ ಕಸ. ಉಮ್ಮತ್ತಿ. ಮೈಗೆ ತಾಗಿದರೆ ತುರಿಸಿ ರಕ್ತ ಬರುವ ನಸಗುನ್ನಿ ಬಳ್ಳಿ. ಹಿಂದಿನ ಗೋಡೆಗುಂಟ ಎರಡಾಳು ಎತ್ತರ ಹಾಲುಗಳ್ಳಿ, ಒಂದರ ಮೈ ಮೇಲೆ ಒಂದು ಬಿದ್ದು ಬೆಳೆದದ್ದು.

"ಯಾವ ಊರು?" ಅಂತ ಪುಂಡರೀಕಾಕ್ಷ ಕೇಳಿದರು.

ಯಂಕಣ್ಣ ಹೇಳಿದ.

"ಯಾವ ಜನ?"

"ಕೂಲಿ ಮಂದಿರಿ."

"ಅದಲ್ಲ ಮಾರಾಯ." ಅಂದವರು ಸ್ವಲ್ಪ ಹೊತ್ತು ಅವನ ಮುಖ ನೋಡಿದರು. ಅವರಿಗೆ ತಿಳಿಯಿತು. ಮತ್ತೆ ಕೇಳಲಿಲ್ಲ. "ಆಯ್ತು. ಹಿಂದಿನ ಗೇಟಿನಿಂದಲೇ ಓಡಾಡಿ. ಅಲ್ಲಿ ನಳ್ಳಿ ಉಂಟು, ಕೈಕಾಲು ಅಲ್ಲಿಯೇ."

ಆಗ ಯಂಕಣ್ಣ ಕಳ್ಳಿ ಕಡೆ ತೋರಿಸಿ ಹೇಳಿದ. ಅದು ಮೊದಲ ಸಲ.

ಪುಂಡರೀಕಾಕ್ಷ ನಕ್ಕರು. "ನೀವು ಹಳ್ಳಿಯವರು. ನಿಮಗೆ ಇದೆಲ್ಲ ಆಟ. ಮಧ್ಯಾಹ್ನ ಬರುವಾಗ ಚಸ್ಮಾ ತರ್ತೇನೆ. ನೀವು ರಾಬಿಟ್ ಶುರು ಮಾಡಿ."

ಶುರು ಮಾಡಿದರು. ಯಂಕಣ್ಣ ಹಾರೆಯಿಂದ ಎಬ್ಬಿಸಿದ, ಮರಗಮ್ಮ ಕಬ್ಬಿಣದ ಬುಟ್ಟಿ, ಘಮೇಲಾ, ತುಂಬಿ ಹೊತ್ತಳು. ಹಿಂದಿನ ಗೇಟಿನಿಂದ ಟೆಂಪೊ ನಿಂತಲ್ಲಿಗೆ ನಲವತ್ತು ಹೆಜ್ಜೆ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಘಮೇಲಾ. ಗಾಜು ಅಂಗಾಲಿಗೆ ಚುಚ್ಚಿತು. ಕಿತ್ತು ಎಸೆದು ಮತ್ತೆ ಹೊತ್ತಳು. ನಸಗುನ್ನಿ ತಾಗಿ ಕುತ್ತಿಗೆ ಕೆಂಪಾಗಿ ಬಾತಿತು. ಕೆರೆದುಕೊಳ್ಳಲು ಕೈ ಖಾಲಿ ಇರಲಿಲ್ಲ. ಸಿಮೆಂಟ್ ಪತ್ರೆ ಮುರಿದಾಗ ಎದ್ದ ಬಿಳಿ ಧೂಳು ಗಂಟಲಿಗೆ ಹೋಗಿ ಕೆಮ್ಮಿದಳು.

ಹತ್ತು ಗಂಟೆಗೆ ಪುಂಡರೀಕಾಕ್ಷರ ಹೆಂಡತಿ ವೇದಾವತಿ ಹಿಂಬಾಗಿಲು ತೆರೆದು ಎರಡು ಕಾಗದದ ಲೋಟ ಮೆಟ್ಟಿಲ ಮೇಲಿಟ್ಟರು. ಕೈಗೆ ಕೊಡಲಿಲ್ಲ. ಮರಗಮ್ಮ ಚಹಾ ತೆಗೆದುಕೊಂಡಳು. ತಡೆದು ತಡೆದು ಕೇಳಿದಳು.

"ಅವ್ವಾ, ಒಂದೀಟು ಬಾತ್‌ರೂಮಿಗಿ ಹೋಗಬೇಕಾಗಿತ್ರಿ."

"ಇಲ್ಲಿ ಎಲ್ಲಿ?" ಅಂದರು ವೇದಾವತಿ. ಬೈಯಲಿಲ್ಲ. ದನಿ ಏರಿಸಲಿಲ್ಲ. "ಗಿಡದ ಹಿಂದೆ ಹೋಗ್ಬಹುದಲ್ಲ. ಹೇಗಿದ್ದರೂ ತೆಗೆಯುವ ಜಾಗ."

ಮರಗಮ್ಮ ಗಿಡದ ಹಿಂದೆ ಹೋದಳು. ಪಕ್ಕದ ಬಿಲ್ಡಿಂಗಿನ ನಾಲ್ಕು ಮಹಡಿಯ ಕಿಟಕಿಗಳು ನೋಡುತ್ತಿದ್ದವು. ಸೆರಗು ಮುಖದ ಮೇಲೆ ಎಳೆದುಕೊಂಡು ಕೂತಳು. ಯಂಕಣ್ಣ ಅತ್ತ ಬೆನ್ನು ಮಾಡಿ, ಸಲಿಕೆ ಹಿಡಿದು, ಕಾವಲು ನಿಂತ.

ಹನ್ನೆರಡಕ್ಕೆ ಪುಂಡರೀಕಾಕ್ಷ ಹೋಟೆಲಿನಿಂದ ಬಂದರು. ಚಸ್ಮಾ ತಂದಿರಲಿಲ್ಲ.

"ಅಂಗಡಿ ಬಂದ್ ಇತ್ತು. ನೀನು ಕಡಿ, ಎಂತ ಆಗುದಿಲ್ಲ."

ಯಂಕಣ್ಣ ಎರಡನೆಯ ಸಲ ಹೇಳಿದ. "ನಾಳೆ ತಗೊಂಡು ಬರ್ರಿ, ನಾಳೆ ಕಡಿತೀನಿ. ಇವತ್ತು ರಾಬಿಟ್ ಮುಗಸ್ತೀನಿ."

"ನಾಳೆ ಎಲ್ಲಿಂದ? ಮೊಮ್ಮಗಳು ಆಡುವ ಜಾಗ. ಮಗನ ಫೋನು ದಿನಾ ಬರ್ತದೆ, ಆ ಗಿಡ ತೆಗೆಸಿದಿರಾ ಇಲ್ಲವಾ ಅಂತ. ಇವತ್ತೇ ಆಗ್ಬೇಕು. ಆಗುದಿಲ್ಲಾಂದ್ರೆ ಹೇಳು, ಬೇರೆ ಜೋಡಿ ಕರೀತೇನೆ. ಬೆಳಿಗ್ಗೆಯಿಂದ ಮಾಡಿದ್ದು ಹೋಯ್ತು ಅಂತ ತಿಳ್ಕೊ."

ಮೂರನೆಯ ಸಲ ಯಂಕಣ್ಣ ಕೈ ಮುಗಿದು ಹೇಳಿದ. ಬರೀ ಇಷ್ಟೇ ಹೇಳಿದ. "ಧಣೇರ, ಇದು ಕಣ್ಣಿನ ಮಾತೈತ್ರಿ."

ಅವರು ಗಡಿಯಾರ ನೋಡಿಕೊಂಡು ಕಾರು ಹತ್ತಿದರು.

ಯಂಕಣ್ಣ ಟವೆಲು ಮುಖಕ್ಕೆ ಸುತ್ತಿಕೊಂಡ. ಕಣ್ಣಷ್ಟೇ ಬಿಟ್ಟ. ಗೋಣಿಚೀಲ ಹರಿದು ಕೈಗೆ ಕಟ್ಟಿಕೊಂಡ. ಮಚ್ಚಿನಂಥ ಕೋಯ್ತಾ ತೆಗೆದುಕೊಂಡು ದೂರದಿಂದ, ಓರೆಯಾಗಿ ನಿಂತು, ಒಂದೊಂದೇ ಕೊಂಬೆ ಕಡಿದ. ಜಾಣತನದಿಂದಲೇ ಕಡಿದ. ಅರ್ಧ ಸಾಲು ಮುಗಿಸಿದ. ಬಳ್ಳಿ ಸುತ್ತಿಕೊಂಡಿದ್ದ ಒಂದು ದಪ್ಪ ಕೊಂಬೆ ಕಡಿದರೂ ಬೀಳಲಿಲ್ಲ. ಮೇಲೆ ಜೋತಾಡಿತು. ಜಗ್ಗಿದ. ಬಳ್ಳಿ ಕಿತ್ತು, ಕೊಂಬೆ ತಿರುಗಿ, ಮುರಿದ ಬುಡ ಸೀದಾ ಅವನ ಮುಖಕ್ಕೆ ಬಂತು.

ಮರಗಮ್ಮ ಟೆಂಪೊ ಹತ್ತಿರ ಇದ್ದಳು. ಗಂಡನ ಕೂಗು ಕೇಳಿ ಘಮೇಲಾ ಅಲ್ಲೇ ಬಿಟ್ಟು ಓಡಿದಳು. ಅವನು ಮೊಣಕಾಲೂರಿ ಬಿದ್ದಿದ್ದ. ಹಣೆ, ರೆಪ್ಪೆ, ಕೆನ್ನೆಯ ಮೇಲೆಲ್ಲ ಬಿಳಿ ಹಾಲು. ಕೈ ಕಣ್ಣಿಗೆ ಒಯ್ಯದಂತೆ ತನ್ನ ಕೈಯನ್ನು ತಾನೇ ಹಿಂದಕ್ಕೆ ಹಿಡಿದುಕೊಂಡಿದ್ದ.

"ನೀರು," ಅಂದ. "ಮರಗಿ, ನೀರು."

ನಳ್ಳಿ ತಿರುಗಿಸಿದಳು. ಗಾಳಿ ಬಂತು. ಆ ಏರಿಯಾಕ್ಕೆ ಶುಕ್ರವಾರ ನೀರು ಬಂದ್. ಅವರ ಕುಡಿಯುವ ನೀರಿನ ಬಾಟಲಿ ಯಾವಾಗಲೋ ಬರಿದಾಗಿತ್ತು. ಹಿಂಬಾಗಿಲು ಅರ್ಧ ತೆರೆದಿತ್ತು. ಮೆಟ್ಟಿಲು ಹತ್ತಿ ಒಳಗೆ ಕಾಲಿಡಬೇಕು, ಅಷ್ಟರಲ್ಲಿ ವೇದಾವತಿ ಅಡ್ಡ ಬಂದರು. ಒದ್ದೆ ಸೀರೆ, ಕೈಯಲ್ಲಿ ಹೂವಿನ ತಟ್ಟೆ.

"ಅಯ್ಯೋ, ಅಲ್ಲಿಯೇ ನಿಲ್ಲು. ಒಳಗೆ ಬರ್ಬೇಡ. ಪೂಜೆ ಆಗ್ತಾ ಉಂಟು."

"ಅವ್ವಾ, ಕಳ್ಳಿ ಹಾಲು ಕಣ್ಣಾಗ ಹೋಗೈತ್ರಿ. ನೀರು ಕೊಡ್ರಿ. ಒಂದು ಕೊಡ ನೀರು ಕೊಡ್ರೆವ್ವಾ."

"ತರ್ತೇನೆ, ತರ್ತೇನೆ. ನೀನು ಕೆಳಗಿಳಿ."

ಮರಗಮ್ಮ ಕೆಳಗಿಳಿದಳು. ಬಾಗಿಲ ಸಂದಿಯಿಂದ ಒಳಗಿನ ಸಿಂಕು ಕಾಣುತ್ತಿತ್ತು. ಹತ್ತು ಹೆಜ್ಜೆ. ವೇದಾವತಿ ತಟ್ಟೆ ಇಟ್ಟು, ಕೈ ತೊಳೆದು, ಒಂದು ಸ್ಟೀಲ್ ಚೊಂಬು ತುಂಬಿ ತಂದರು. ಅದನ್ನೂ ಕೈಗೆ ಕೊಡಲಿಲ್ಲ. ಮರಗಮ್ಮನ ಖಾಲಿ ಬಾಟಲಿಗೆ ಮೇಲಿನಿಂದ ಹೊಯ್ದರು. ಬಾಟಲಿಯ ಬಾಯಿ ಸಣ್ಣದು. ಅರ್ಧ ನೀರು ಮೆಟ್ಟಿಲ ಪಾಲಾಯಿತು.

ಅದನ್ನೊಯ್ದು ಗಂಡನ ಕಣ್ಣಿಗೆ ಹಾಕಿದಳು. ಕಣ್ಣು ಬಿಡಲು ಅವನಿಗೆ ಆಗಲಿಲ್ಲ. ಬೆರಳಿನಿಂದ ಬಿಡಿಸಿದಳು. ಬೆಂಕಿ, ಬೆಂಕಿ ಅಂದ. ಮತ್ತೆ ಓಡಿದಳು. ಇನ್ನೊಂದು ಚೊಂಬು. ಮತ್ತೆ ಓಡಿದಳು. ಮೂರನೆಯ ಚೊಂಬು ಹೊಯ್ದು ವೇದಾವತಿ, "ಟಾಂಕಿಯಲ್ಲಿ ಇರುವುದು ಅಷ್ಟೇ. ಸಂಜೆಯವರೆಗೆ ಮನೆಗೆ ಬೇಕಲ್ಲ," ಅಂದು ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಗಂಟೆ ಬಾರಿಸಿತು.

ಪುಂಡರೀಕಾಕ್ಷ ಎರಡು ಗಂಟೆಗೆ ಬಂದರು. ಯಂಕಣ್ಣನ ರೆಪ್ಪೆಗಳು ಬಾತು ಮುಚ್ಚಿಹೋಗಿದ್ದವು. ಅವರು ಫ್ರಿಜ್ಜಿನಿಂದ ಯಾವುದೋ ಹಳೆಯ ಕಣ್ಣಿನ ಔಷಧ ತಂದು ಎರಡು ಹನಿ ಹಾಕಿಸಿದರು.

"ಸಂಜೆಗೆ ಸರಿ ಆಗ್ತದೆ. ನೆರಳಲ್ಲಿ ಕೂರು. ನೀನು ಒಬ್ಬಳು ಉಳಿದ ರಾಬಿಟ್ ಹೊತ್ತು ಹಾಕು. ಟೆಂಪೊದವ ಕಾಯ್ತಾ ಇದ್ದಾನೆ."

ಮರಗಮ್ಮ ಹೊತ್ತಳು. ಇದನ್ನು ಅವಳು ಯಾರ ಮುಂದೆಯೂ ಹೇಳಲಿಲ್ಲ, ಮಗಳ ಮುಂದೆಯೂ. ಗಂಡ ಗೋಡೆಯ ನೆರಳಲ್ಲಿ ಕಣ್ಣಿಗೆ ಒದ್ದೆ ಬಟ್ಟೆ ಒತ್ತಿಕೊಂಡು ನರಳುತ್ತಿದ್ದಾಗ ಅವಳು ಎರಡು ತಾಸು ರಾಬಿಟ್ ಹೊತ್ತಳು. ಯಾಕೆ ಹೊತ್ತೆ ಅಂತ ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಳು. ಹೊರು ಅಂದರು, ಹೊತ್ತೆ. ಹುಟ್ಟಿದಾಗಿನಿಂದ ಹಾಗೇ ಆಗಿತ್ತು. 

ನಾಲ್ಕೂವರೆಗೆ ಯಂಕಣ್ಣ ವಾಂತಿ ಮಾಡಿಕೊಂಡ. ಏನೂ ಕಾಣ್ತಿಲ್ಲ ಅಂದ. ಆಗ ಅವಳು ಘಮೇಲಾ ಎಸೆದಳು. ಎಸೆದ ಸದ್ದಿಗೆ ಪುಂಡರೀಕಾಕ್ಷ ಹೊರಗೆ ಬಂದರು. ಅವನ ಮುಖ ನೋಡಿ ಅವರಿಗೂ ಹೆದರಿಕೆಯಾಯಿತು. ರಿಕ್ಷಾ ತರಿಸಿದರು. ತಾವೂ ಹತ್ತಿದರು.

"ನಿಮಗೆ ಮರಾಠಿ ಬರುದಿಲ್ಲ. ಸರಕಾರಿ ಆಸ್ಪತ್ರೆಯಲ್ಲಿ ನಿಮ್ಮ ಮಾತು ಯಾರಿಗೆ ಅರ್ಥ ಆಗ್ತದೆ? ನಾನು ಮಾತಾಡ್ತೇನೆ. ನೀವು ಬಾಯಿ ಬಿಡ್ಬೇಡಿ."

ಮರಗಮ್ಮನಿಗೆ ಆ ಹೊತ್ತಿನಲ್ಲಿ ಅದು ಉಪಕಾರ ಅನಿಸಿತು. ಇದ್ದಾರಲ್ಲ ಒಬ್ಬರು, ನಮ್ಮ ಮಾತು ತಿಳಿಯುವವರು, ಅಂದುಕೊಂಡಳು.

ದವಾಖಾನೆಯಲ್ಲಿ ಸಣ್ಣ ವಯಸ್ಸಿನ ಡಾಕ್ಟರ್ ಬಾಯಿ. ಯಂಕಣ್ಣನನ್ನು ಮಂಚದ ಮೇಲೆ ಮಲಗಿಸಿ, ರೆಪ್ಪೆ ಬಿಡಿಸಿ ಟಾರ್ಚು ಹಿಡಿದಳು. ಏನಾಯಿತು ಅಂತ ಮರಾಠಿಯಲ್ಲಿ ಕೇಳಿದಳು. ಒಬ್ಬ ನರ್ಸು ಕಾಗದ ಪೆನ್ನು ಹಿಡಿದು ನಿಂತಳು.

ಪುಂಡರೀಕಾಕ್ಷ ಹೇಳತೊಡಗಿದರು. ಚಂದದ ಮರಾಠಿ, ತೊಳೆದಿಟ್ಟ ಹಾಗೆ.

ಮರಗಮ್ಮ ಓದಿದವಳಲ್ಲ. ಆದರೆ ಹನ್ನೆರಡು ವರ್ಷ ಡೊಂಬಿವಲಿಯಲ್ಲಿ ರೇಷನ್ ಅಂಗಡಿಯ ಮುಂದೆ ನಿಂತವಳು. ಮೇಸ್ತ್ರಿ ಮುಕಾದಮನ ಬೈಗುಳ ತಿಂದವಳು. ಆಡಲು ಬಾರದಿದ್ದರೂ ಕಿವಿಗೆ ಎಲ್ಲ ಬರುತ್ತಿತ್ತು. ಅವಳ ಕಿವಿಗೆ 'ದಾರೂ' ಅಂತ ಬಿತ್ತು. 'ರಸ್ತ್ಯಾವರ್ ಪಡ್ಲಾ' ಅಂತ ಬಿತ್ತು. ಕುಡಿದು ರಸ್ತೆಯ ಮೇಲೆ ಬಿದ್ದ. ರಸ್ತೆ ಬದಿಯ ಪೊದೆಯಲ್ಲಿ ಬಿದ್ದ. ನನ್ನ ಮನೆ ಮುಂದೆಯೇ ಬಿದ್ದದ್ದರಿಂದ, ನಮ್ಮ ಕಡೆಯವನು ಅಂತ, ಕೂಡಲೇ ನೀರಿನಿಂದ ತೊಳೆಸಿ ಕರೆದುಕೊಂಡು ಬಂದೆ.

ನರ್ಸು ಬರೆಯುತ್ತಿದ್ದಳು.

ಯಂಕಣ್ಣ ಕುಡಿಯದವನೇನಲ್ಲ. ಕುಡಿಯುತ್ತಿದ್ದ. ಕುಡಿದು ಅವಳಿಗೆ ಹೊಡೆದದ್ದೂ ಇತ್ತು. ಆದರೆ ಅವತ್ತು ಕುಡಿದಿರಲಿಲ್ಲ. ಅವತ್ತು ಅವನು ಬೆಳಿಗ್ಗೆ ಎರಡು ರೊಟ್ಟಿ ತಿಂದು, ಮೂರು ಸಲ ಹೇಳಿ, ಕೈ ಮುಗಿದು, ಒಬ್ಬರ ಮನೆಯ ವಿಷ ಕಡಿದಿದ್ದ.

ಮರಗಮ್ಮ ಮುಂದೆ ಬಂದಳು.   ಇಡೀ ವಾರ್ಡು ತಿರುಗಿ ನೋಡುವ ಹಾಗೆ ಕೂಗಿದಳು.

"ಖೋಟಂ! ಖೋಟಂ ಬೋಲ್ತೋ ಹಾ!"

ಸುಳ್ಳು. ಸುಳ್ಳು ಹೇಳ್ತಾನೆ ಇವನು. ಬೆಳಿಗ್ಗೆಯಿಂದ ಧಣೇರ ಅಂದ ಬಾಯಿಂದಲೇ 'ಇವನು' ಅಂದಳು.

"ಮರಗಮ್ಮ, ಸುಮ್ಮನಿರು," ಅಂತ ಪುಂಡರೀಕಾಕ್ಷ ಮೆಲ್ಲಗೆ ಕನ್ನಡದಲ್ಲಿ ಹೇಳಿದರು. ಅವಳ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. "ಪೊಲೀಸ್ ಕೇಸಾದರೆ ನಿಮಗೇ ಕಷ್ಟ. ನಿಮ್ಮ ಒಳ್ಳೆಯದಕ್ಕೇ ಹೀಗೆ ಹೇಳಿದ್ದು. ನಿನಗೆ ಅರ್ಥ ಆಗುದಿಲ್ಲ."

ಅವಳು ಅವರ ಕಡೆ ನೋಡಲೇ ಇಲ್ಲ. ಡಾಕ್ಟರ್ ಬಾಯಿಯ ಕೈ ಹಿಡಿದುಕೊಂಡಳು. ಹಿಂದಿಯೋ ಮರಾಠಿಯೋ, ಬಾಯಿಗೆ ಬಂದದ್ದನ್ನೆಲ್ಲ ಸೇರಿಸಿ ಹೇಳಿದಳು. "ದಾರೂ ನಹೀ ಬಾಯಿ. ಇಸ್ಕಾ ಘರ್, ಇಸ್ಕಾ ಕಾಮ್. ಝಾಡ್ ಕಾ ದೂಧ್ ಆಂಖ್ ಮೇ. ಪಾನೀ ನಹೀ ದಿಯಾ. ತೀನ್ ಲೋಟಾ ದಿಯಾ, ಬಸ್. ದರ್ವಾಜಾ ಬಂದ್ ಕಿಯಾ." ಹೇಳುತ್ತ ಹೇಳುತ್ತ ಕನ್ನಡಕ್ಕೆ ಹೊರಳಿದಳು. "ಮಧ್ಯಾನ ಒಂದಕ್ಕ ಬಿದ್ದದ್ದು ಯವ್ವಾ. ಈಗ ಕರಕೊಂಡು ಬಂದಾನ."

ಡಾಕ್ಟರ್ ಬಾಯಿಗೆ ಕನ್ನಡ ಬಾರದು. ಆದರೆ ನರ್ಸಿನ ಕೈಯಿಂದ ಕಾಗದ ತೆಗೆದುಕೊಂಡಳು. ಬರೆದದ್ದರ ಮೇಲೆ ಅಡ್ಡ ಗೆರೆ ಎಳೆದಳು. ಸಲೈನಿನ ಬಾಟಲಿ ತರಿಸಿ ಯಂಕಣ್ಣನ ಕಣ್ಣಿಗೆ ಬಿಡತೊಡಗಿದಳು. ಒಂದು ಬಾಟಲಿ ಮುಗಿಯಿತು. ಇನ್ನೊಂದು. ಮತ್ತೊಂದು. ನೀರು ಮಂಚದಿಂದ ಹರಿದು ನೆಲಕ್ಕೆ ಬಿತ್ತು. ಅಷ್ಟು ನೀರು. ಮರಗಮ್ಮ ನೋಡುತ್ತ ನಿಂತಳು.

ಯಾವ ಗಿಡ ಅಂತ ಡಾಕ್ಟರ್ ಬಾಯಿ ಪುಂಡರೀಕಾಕ್ಷರನ್ನು ಕೇಳಿದಳು. "ಮಾಹೀತ್ ನಾಹೀ," ಅಂದರು ಅವರು. ಗೊತ್ತಿಲ್ಲ. ಅಷ್ಟು ಹೇಳಿ ಫೋನು ಕಿವಿಗೆ ಹಿಡಿದು ಹೊರಗೆ ನಡೆದರು. ಮರಳಿ ಬರಲಿಲ್ಲ. ಮರಗಮ್ಮ ಕಳ್ಳಿ ಕಳ್ಳಿ ಅಂದಳು, ಕೈಯಲ್ಲಿ ಆಕಾರ ಮಾಡಿ ತೋರಿಸಿದಳು. ಡಾಕ್ಟರ್ ಬಾಯಿಗೆ ತಿಳಿಯಲಿಲ್ಲ. ಒಂದು ತುಂಡು ತಂದು ತೋರಿಸಿದರೆ ಒಳ್ಳೆಯದು, ದೊಡ್ಡ ಡಾಕ್ಟರರಿಗೂ ಹೇಳಲು ಬರುತ್ತದೆ, ಅಂದಳು.

ಗಂಡನನ್ನು ಅಲ್ಲೇ ಬಿಟ್ಟು ಮರಗಮ್ಮ ಬಂಗಲೆಗೆ ಹೋದಳು. ಬೆಳಕಿನ್ನೂ ಸ್ವಲ್ಪ ಇತ್ತು. ಹಿಂದಿನ ಗೇಟಿಗೆ ಚಿಲಕ ಮಾತ್ರ ಹಾಕಿತ್ತು. ಕೋಯ್ತಾ ಬಿದ್ದಲ್ಲೇ ಬಿದ್ದಿತ್ತು. ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು ಕಡಿದು ಬಿದ್ದ ಒಂದು ಕೊಂಬೆ ಎತ್ತಿದಳು.

"ಆಂಟೀ, ಉಸ್ಕೋ ಮತ್ ಛೂನಾ!"

ಹಿಂಬಾಗಿಲಲ್ಲಿ ಐದಾರು ವರ್ಷದ ಹುಡುಗಿ. ವೇದಾವತಿಯ ಮೊಮ್ಮಗಳು ನಿಶಾ. ಮುಟ್ಟಬೇಡ, ಅದರಿಂದ ಗುಳ್ಳೆ ಏಳುತ್ತವೆ, ಅಂತ ಹಿಂದಿಯಲ್ಲಿ ಹೇಳುತ್ತಿತ್ತು. ತನ್ನ ಅಂಗೈ ಚಾಚಿ ತೋರಿಸಿತು. ನೋಡಿ, ನನಗೂ ಆಗಿತ್ತು. ಅಜ್ಜಿ ನಳದ ಕೆಳಗೆ ಹಿಡಿದು ಹಿಡಿದು ತೊಳೆದಳು. ಎಷ್ಟೊತ್ತು ಗೊತ್ತಾ? ಪೂರಾ ಒಂದು ಕಾರ್ಟೂನು ಮುಗಿಯುವವರೆಗೆ.

ವೇದಾವತಿ ಬಂದು ಮಗುವನ್ನು ಹಿಂದಕ್ಕೆ ಎಳೆದುಕೊಂಡರು. ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿದರು.

"ನಿಮಗ ಗೊತ್ತಿತ್ತು," ಅಂದಳು ಮರಗಮ್ಮ.

ವೇದಾವತಿ ಸೆರಗಿನ ತುದಿ ತಿರುವಿದರು. "ಅವನ ಕಣ್ಣು ಹೇಗುಂಟು?"

"ಗೊತ್ತಿತ್ತು ನಿಮಗ. ಎಷ್ಟು ನೀರು ಹಾಕಬೇಕಂತಾನೂ ಗೊತ್ತಿತ್ತು."

"ನನ್ನ ಕೈಯಲ್ಲಿ ಎಂತ ಉಂಟು?" ಅಂದರು ವೇದಾವತಿ. ಅವರ ಕಣ್ಣಲ್ಲಿ ನೀರು ಬಂತು. ಮರಗಮ್ಮ ಆ ನೀರನ್ನು ನೋಡಿದಳು.  ಕೊಂಬೆ ಎತ್ತಿಕೊಂಡು ನಡೆದಳು.

ಕೊಂಬೆ ನೋಡಿದ ಕೂಡಲೇ ಡಾಕ್ಟರ್ ಬಾಯಿಗೆ ಗೊತ್ತಾಯಿತು. ಅವಳ ಮುಖ ಇಳಿಯಿತು. ಬಿದ್ದ ಕೂಡಲೇ ಅರ್ಧ ತಾಸು ಧಾರೆ ನೀರು ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ, ಅಂತ ನಿಧಾನವಾಗಿ, ಮರಗಮ್ಮನಿಗೆ ತಿಳಿಯುವ ಹಾಗೆ, ಎರಡೆರಡು ಸಲ ಹೇಳಿದಳು. ಮರಗಮ್ಮನಿಗೆ ಒಂದೇ ಸಲಕ್ಕೆ ತಿಳಿದಿತ್ತು.

ಯಂಕಣ್ಣ ಮುಂಬೈಯ ದೊಡ್ಡ ದವಾಖಾನೆಯಲ್ಲಿ ಹದಿನೆಂಟು ದಿನ ಇದ್ದ. ಬಲಗಣ್ಣು ಬೆಳ್ಳಗಾಗಿ ಗುಳಿ ಬಿತ್ತು. ಎಡಗಣ್ಣಿಗೆ ಬಿಸಿಲು ನೆರಳು ಇಷ್ಟೇ ತಿಳಿಯುತ್ತಿತ್ತು. ಪೊಲೀಸರು ಬರೆದುಕೊಂಡರು. ಮತ್ತೆ ಕರೆದರು. ಇನ್ನೊಬ್ಬ ಸಾಹೇಬರು ಬಂದು ಮತ್ತೆ ಮೊದಲಿನಿಂದ ಬರೆದುಕೊಂಡರು. ಕೇಸು ಇನ್ನೂ ಇದೆ.

ರೈಲು ಹಳಿಯ ಪಕ್ಕದ ಝೋಪಡಿಯಲ್ಲಿ ಅವನು ಮೂಲೆ ಹಿಡಿದು ಕೂತ. ಮುಖಕ್ಕೆ ಟವೆಲು ಮುಚ್ಚಿಕೊಂಡೇ ಕೂರುತ್ತಿದ್ದ. ನೆರೆಯವರು ಬಂದರೆ ಗೋಡೆ ಕಡೆ ಹೊರಳುತ್ತಿದ್ದ. ಮರಗಮ್ಮ ಒಬ್ಬಳೇ ನಾಕಾಕ್ಕೆ ಹೋಗಿ ನಿಂತಳು. ಒಂಟಿ ಹೆಂಗಸನ್ನು ಯಾರೂ ಕರೆಯಲಿಲ್ಲ. ಜೋಡಿ ಇದೆಯಾ ಅಂದರು. ಇತ್ತು ಅಂದಳು. ಕಡೆಗೆ ಒಂದು ಬಿಲ್ಡಿಂಗಿನಲ್ಲಿ ಮೆಟ್ಟಿಲು ತೊಳೆಯುವ ಕೆಲಸ ಸಿಕ್ಕಿತು.

ಒಂದು ಭಾನುವಾರ ಪುಂಡರೀಕಾಕ್ಷ ಝೋಪಡಿ ಹುಡುಕಿಕೊಂಡು ಬಂದರು. ಗಟಾರ ದಾಟಲು ಪಂಚೆ ಎತ್ತಿ ಹಿಡಿದಿದ್ದರು. ಕೈಯಲ್ಲಿ ಹೋಟೆಲಿನ ಪಾರ್ಸೆಲು. ಬಾಗಿಲ ಹೊರಗೇ ನಿಂತು ಮಾತಾಡಿದರು.

"ಆದದ್ದು ಆಯ್ತು ಮರಗಮ್ಮ. ಹಣೆಬರಹ. ನಿನಗೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ ಕೊಡ್ತೇನೆ. ಕಾಯಂ. ನೀನು ಪೊಲೀಸ್ ಸ್ಟೇಷನ್ನಿಗೆ ಬಂದು, ತಪ್ಪು ತಿಳುವಳಿಕೆ ಆಯ್ತು ಅಂತ ಒಂದು ಮಾತು ಹೇಳು. ಪರಊರಿನಲ್ಲಿ ನಾವು ನಾವೇ ಹೀಗೆ ಮಾಡಿಕೊಂಡ್ರೆ ಹೇಗೆ? ಒಂದೇ ಭಾಷೆಯವರಲ್ಲವಾ ನಾವು?"

ಮರಗಮ್ಮ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು.

"ಆ ಭಾಷಿಯೊಳಗ ನೀವು ನನ್ನ ಗಂಡಗ ಕುಡುಕ ಅನ್ನಲಿಲ್ಲ. ಮರಾಠಿಯೊಳಗ ಅಂದ್ರಿ. ನನಗ ತಿಳಿಯಾಂಗಿಲ್ಲಂತ ಅಂದ್ರಿ. ನೀರು ಕೇಳಿದಾಗ ನಾನು ಕನ್ನಡದಾಗ ಕೇಳಿದ್ದೆ. ಆವಾಗ ಯಾರಿಗೂ ತಿಳೀಲಿಲ್ಲ."

"ಅಲ್ಲ, ನೀನು..."

"ಹೋಗ್ರಿ. ಪಾರ್ಸೆಲು ತಗೊಂಡು ಹೋಗ್ರಿ."

ಅವರು ಹೋದ ಮೇಲೆ ಒಳಗಿನಿಂದ ಯಂಕಣ್ಣ, "ಸಾಂಬಾರಿನ ವಾಸನಿ ಬಂತು," ಅಂದ. ಅಷ್ಟೇ ಅಂದ. ಅವತ್ತು ಒಲೆ ಹೊತ್ತಿರಲಿಲ್ಲ.

ಹಿತ್ತಿಲು ಅರ್ಧಕ್ಕೇ ನಿಂತಿತು. ನಾಕಾದಲ್ಲಿ ಮರಗಮ್ಮ ಎಲ್ಲರಿಗೂ ಹೇಳಿದ್ದಳು. ಬಿಳಿ ಕಾರು ಎರಡು ಸಲ ಬಂತು, ಎರಡು ಸಲವೂ ಒಬ್ಬರೂ ಮೇಲೇಳಲಿಲ್ಲ. ಹೆಚ್ಚು ಕೊಡ್ತೇನೆ ಅಂದರು. ಮಂದಿ ಬೀಡಿ ಸೇದುತ್ತ ಕೂತರು.

ಫೆಬ್ರವರಿಯ ಒಂದು ಬೆಳಿಗ್ಗೆ ಅವರದೇ ಜಿಲ್ಲೆಯ ಚಂದ್ರಾಮ ನಾಕಾದಿಂದ ಓಡಿ ಬಂದ. "ಮರಗಕ್ಕಾ, ಅವ ಕಲ್ಯಾಣ ಸ್ಟೇಷನ್ನಿನಿಂದ ಹೊಸಾ ಜೋಡಿ ಹಿಡಕೊಂಡು ಬಂದಾನ. ಒಡಿಶಾದವರಂತ. ನಿನ್ನೆ ರೈಲು ಇಳದಾರ. ಅವರಿಗಿ ಏನೂ ಗೊತ್ತಿಲ್ಲ."

ಮರಗಮ್ಮ ಸೆರಗು ಬಿಗಿದು ಎದ್ದಳು.

"ನಾನೂ ಬರ್ತೀನಿ," ಅಂದ ಯಂಕಣ್ಣ.

ಮೂರು ತಿಂಗಳಿನಿಂದ ಅವನು ಓಣಿಯ ತುದಿಗೂ ಹೋಗಿರಲಿಲ್ಲ. "ನೀ ಯಾಕ?" ಅಂದಳು.

"ಅವರಿಗಿ ನಿನ್ನ ಮಾತು ತಿಳಿಯಾಂಗಿಲ್ಲ. ನನ್ನ ಮುಖ ತಿಳೀತೈತಿ."

ಕೈ ಹಿಡಿದು ಕರೆದುಕೊಂಡು ಹೋದಳು. ಹಿಂದಿನ ಗೇಟು ತೆರೆದಿತ್ತು. ಕಪ್ಪನೆಯ ಎಳೆ ಹುಡುಗ, ಇಪ್ಪತ್ತೆರಡು ಇರಬಹುದು. ಕೋಯ್ತಾ ಹಿಡಿದು ಕಳ್ಳಿಯ ಮುಂದೆ ನಿಂತಿದ್ದ. ಕಣ್ಣಿಗೆ ಏನೂ ಇರಲಿಲ್ಲ. ಅವನ ಹೆಂಡತಿ ಇನ್ನೂ ಸಣ್ಣವಳು, ಬಸುರಿ, ರಾಬಿಟ್ ಗುಡ್ಡೆಯ ಮುಂದೆ ಕೂತು ಘಮೇಲಾ ತುಂಬುತ್ತಿದ್ದಳು. ಮರಗಮ್ಮ ತನ್ನ ಹಿಂದಿಯಲ್ಲಿ ಹೇಳಿದಳು. ಅವರು ಪಿಳಿಪಿಳಿ ನೋಡಿದರು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡು ಹುಡುಗ ಕೋಯ್ತಾ ಬಿಗಿ ಹಿಡಿದ.

ಯಂಕಣ್ಣ ಮುಖದಿಂದ ಟವೆಲು ತೆಗೆದ.

ತೆಗೆದು ಹಾಗೇ ನಿಂತ. ಬಿಸಿಲು ನೇರವಾಗಿ ಅವನ ಮುಖದ ಮೇಲಿತ್ತು. ಬಲಗಣ್ಣಿನ ಗುಳಿ, ಎಡಗಣ್ಣಿನ ಬಿಳಿ ಪೊರೆ, ಕೆನ್ನೆಯ ಸುಟ್ಟ ಕಲೆ. ಕೈ ಚಾಚಿ, ಅಂದಾಜಿನ ಮೇಲೆ, ಕಳ್ಳಿ ಸಾಲಿನ ಕಡೆ ಬೆರಳು ಮಾಡಿದ. ಆ ಬೆರಳನ್ನೇ ತನ್ನ ಕಣ್ಣಿಗೆ ತಂದುಕೊಂಡ. 

ಪುಂಡರೀಕಾಕ್ಷ ಹಿಂಬಾಗಿಲಿಗೆ ಬಂದು ಕೂಗಿದರು. "ಏಯ್, ಯಾರು ಬಿಟ್ಟದ್ದು ನಿಮ್ಮನ್ನು ಒಳಗೆ? ಪೊಲೀಸಿಗೆ ಹಿಡಿದು ಕೊಡ್ತೇನೆ!"

ಯಾರೂ ಆ ಕಡೆ ತಿರುಗಲಿಲ್ಲ. ಮೊದಲು ಎದ್ದದ್ದು ಆ ಹುಡುಗಿ. ಸೊಂಟಕ್ಕೆ ಕೈ ಕೊಟ್ಟು ಎದ್ದಳು. ಗಂಡನ ಕೈಯಿಂದ ಕೋಯ್ತಾ ತೆಗೆದು ಮಣ್ಣಿನ ಮೇಲಿಟ್ಟಳು. ಗಂಟು ಎತ್ತಿಕೊಂಡಳು. ಹೋಗುವಾಗ ಯಂಕಣ್ಣನ ಮುಂದೆ ಒಂದು ಗಳಿಗೆ ನಿಂತು, ಬಗ್ಗಿ, ಅವನ ಕಾಲಿನ ಹತ್ತಿರದ ನೆಲ ಮುಟ್ಟಿ ಹಣೆಗೊತ್ತಿಕೊಂಡಳು. ಅವನಿಗೆ ಅದು ಕಾಣಲಿಲ್ಲ. ಮರಗಮ್ಮ ಹೇಳಲೂ ಇಲ್ಲ.

ಮನೆ ಕಡೆ ತಿರುಗಿದರು. ಕಾರ್ಖಾನೆಯ ಗೋಡೆ ಹಿಡಿದು, ಒಬ್ಬರ ಹಿಂದೆ ಒಬ್ಬರು.

"ಹೋದ್ರೇನ?" ಅಂದ ಯಂಕಣ್ಣ.

"ಹೋದ್ರು."

"ಇಬ್ರೂ?"

"ಇಬ್ರೂ."

ತುಸು ದೂರ ನಡೆದ. ಟವೆಲು ಹೆಗಲ ಮೇಲಿತ್ತು, ಮತ್ತೆ ಮುಖಕ್ಕೆ ಸುತ್ತಿಕೊಂಡಿರಲಿಲ್ಲ.

"ಪಾಪ, ನಿನ್ನೆ ಬಂದವರು," ಅಂದ. "ಅವರ ಇವತ್ತಿನ ಕೂಲಿ ನಾವ ಮುರದ್ವಿ."

 ಮುಂದೆ ಗಟಾರದ ಮೇಲಿನ ಕಲ್ಲು ಸರಿದಿತ್ತು. "ಕಾಲು ಎತ್ತಿಡು," ಅಂದಳು. ಅವನು ಎತ್ತಿಟ್ಟ.